ಮನೆ ಬಾಗಿಲಿಗೆ ಬಂದ ದನಿ

ಮೆಕ್ಕೆಜೋಳದ ಹಿಟ್ಟು ಹಂಚಿನ ಮೇಲೆ ಸೀದರೆ ಬರುವ ವಾಸನೆ ನಮ್ಮ ಬಿಳಿಜೋಳದ ರೊಟ್ಟಿ ಸೀದ ವಾಸನೆಗಿಂತ ಒಂದು ಚೂರು ಸಿಹಿ. ಇದು ನನಗೆ ಗೊತ್ತಿರುವುದು ನಾನು ಅಡಿಗೆ ಬಲ್ಲವನು ಅಂತಲ್ಲ. ನಾನು ಚಹಾ ಕಾಯಿಸಿದರೂ ನಮ್ಮಕ್ಕ ಕಿಟಕಿ ತೆಗೆದಿಡುತ್ತಾಳೆ. ಹೋದ ಶನಿವಾರ ಕಾರಿನ ಟೈರು ಬದಲಿಸಲು ವೀಟನ್ ಕಡೆಯ ಅಂಗಡಿಯೊಂದಕ್ಕೆ ಹೋಗಿ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಬೆನ್ನ ಹಿಂದಿನಿಂದ ಆ ವಾಸನೆ ಬಂತು. ತಿರುಗಿದರೆ ಬೇಲಿಯಾಚೆ ಓಕ್ ಹಾಲೋ ಅಪಾರ್ಟ್‌ಮೆಂಟಿನ ಕೆಂಪು ಇಟ್ಟಿಗೆಯ ಗೋಡೆ. ಒಲೆಯ ಮೇಲೆ ಹಂಚಿಟ್ಟು ಯಾರೋ ಫೋನು ಎತ್ತಲು ಹೋಗಿರಬೇಕು, ಅಷ್ಟೇ. ಆದರೂ ನನ್ನ ಕೈ ತಾನಾಗಿ ಬಾಯಿಯ ಮೇಲೆ ಹೋಯಿತು. ಪಕ್ಕದಲ್ಲಿದ್ದಾತ ನನಗೆ ಹಲ್ಲುನೋವು ಅಂದುಕೊಂಡು ಸ್ವಲ್ಪ ಸರಿದು ಕೂತ.

ಅದಕ್ಕೆ ಕಾರಣ, ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗಿನ ಒಂದು ಶರತ್ಕಾಲ. ಆಗ ನಾನು ರಾಕ್‌ವಿಲ್‌ನಲ್ಲಿ ಅಕ್ಕ-ಭಾವನ ಜೊತೆಗಿದ್ದೆ. ಅಕ್ಕ ಆಸ್ಪತ್ರೆಯಲ್ಲಿ ಡಾಕ್ಟರು, ಭಾವ ಸೇತುವೆಗಳ ಇಂಜಿನಿಯರು, ನಾನು ಅವರ ಬೇಸ್‌ಮೆಂಟಿನಲ್ಲಿ ಇಟ್ಟಿದ್ದ ಹಳೇ ಸೋಫಾ. ಕಾಲೇಜಿನಲ್ಲಿ ರೇಡಿಯೊ ಕೋರ್ಸು ಮಾಡುತ್ತಿದ್ದೆ. ಮೈಕಿನಲ್ಲಿ ಮಾತಾಡೋದಕ್ಕೂ ಡಿಗ್ರಿ ಕೊಡ್ತಾರಾ ಅಂತ ಎಲಿಕಾಟ್ ಸಿಟಿಯ ಕನ್ನಡ ಆಂಟಿಯರು ಕೇಳುತ್ತಿದ್ದರು. ಕೇಳಿದ ಆಂಟಿಯ ದನಿಯನ್ನೇ ಎರವಲು ಪಡೆದು ‘ಕೊಡ್ತಾರಂತೆ ಕಣ್ರೀ, ಕಾಲ ಕೆಟ್ಟೋಯ್ತು’ ಎನ್ನುತ್ತಿದ್ದೆ. ಒಮ್ಮೆ ಭಾವನ ದನಿಯಲ್ಲಿ ಫೋನೆತ್ತಿ, ಅವರ ತಾಯಿಯ ಆರೋಗ್ಯವನ್ನೇ ಕಾಲು ತಾಸು ವಿಚಾರಿಸಿದ್ದೆ. ಮಗ ಇಷ್ಟು ಪ್ರೀತಿಯಿಂದ ಮಾತಾಡಿದ್ದೇ ಇಲ್ಲ ಎಂದು ಆಕೆ ಅತ್ತರಂತೆ. ನಿನ್ನ ಸ್ವಂತ ದನಿ ಎಲ್ಲಿ ಎಂದು ಯಾರಾದರೂ ಕೇಳಿದರೆ ಅದು ರಿಪೇರಿಗೆ ಹೋಗಿದೆ ಎನ್ನುತ್ತಿದ್ದೆ.

ಸ್ಪ್ಯಾನಿಷ್ ಕಲಿತದ್ದು ಕಾಲೇಜಿನ ಕ್ಯಾಂಟೀನಿನಲ್ಲಿ, ತಟ್ಟೆ ತೊಳೆಯುತ್ತ. ವ್ಯಾಕರಣ ಬರುತ್ತಿರಲಿಲ್ಲ, ರಾಗ ಬರುತ್ತಿತ್ತು. ಒಲೆಯ ಮುಂದೆ ಮೆಕ್ಸಿಕೋದವನು, ತರಕಾರಿ ಹೆಚ್ಚಲು ಪೆರುವಿನವನು, ನನ್ನ ಪಕ್ಕದ ತೊಟ್ಟಿಗೆ ಎಲ್ ಸಾಲ್ವಡಾರ್‌ನವನು. ಮೂವರದೂ ಒಂದೇ ಭಾಷೆ, ಆದರೆ ಒಬ್ಬನ ಮಾತಿಗೆ ಇನ್ನಿಬ್ಬರು ನಗುತ್ತಿದ್ದರು. ಮಂಗಳೂರಿನವರು, ಮೈಸೂರಿನವರು, ನಾವು ಹುಬ್ಬಳ್ಳಿಯವರು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತ ಹಾಗೆ. ನಾನು ಮೂವರ ರಾಗವನ್ನೂ ಎತ್ತಿಕೊಂಡೆ. ಉಳಿದದ್ದನ್ನು ಮೈಬಣ್ಣ ನೋಡಿಕೊಂಡಿತು. ಬಸ್ಸಿನಲ್ಲಿ ಮುದುಕಿಯರು ನನ್ನನ್ನು ಸ್ಪ್ಯಾನಿಷಿನಲ್ಲಿ ದಾರಿ ಕೇಳುತ್ತಿದ್ದರು. ನಾನು ಸ್ಪ್ಯಾನಿಷಿನಲ್ಲೇ ತಪ್ಪು ದಾರಿ ತೋರಿಸುತ್ತಿದ್ದೆ.

ಈ ವಿದ್ಯೆಯ ಸುದ್ದಿ ಪಾಟೀಲ ಅಂಕಲ್ ಕಿವಿಗೆ ಬಿತ್ತು. ಪಾಟೀಲ ಅಂಕಲ್ ನೀರು ಮತ್ತು ಒಳಚರಂಡಿಯ ಇಂಜಿನಿಯರು, ಗದಗಿನವರು. ಅಲ್ಲಿದ್ದಾಗ ಒಮ್ಮೆ ನಗರಸಭೆಗೆ ನಿಂತು, ಸೋತು, ಅದೇ ಬೇಜಾರಿನಲ್ಲಿ ದೇಶ ಬಿಟ್ಟರು ಎಂದು ಅವರ ಹೆಂಡತಿಯೇ ಹೇಳುತ್ತಿದ್ದರು. ಆ ವರ್ಷ ಅವರಿಗೆ ಇಲ್ಲಿನ ಪೌರತ್ವ ಸಿಕ್ಕಿತ್ತು. ಓಟು ಸಿಕ್ಕಿದ ಮೇಲೆ ಸುಮ್ಮನೆ ಕೂರುವ ಗಂಡಸು ಗದಗಿನಲ್ಲಿ ಇನ್ನೂ ಹುಟ್ಟಿಲ್ಲ. ಕೌಂಟಿ ಕೌನ್ಸಿಲ್‌ಗೆ, ಅಂದರೆ ಇಲ್ಲಿನ ಜಿಲ್ಲಾ ಪಂಚಾಯಿತಿಗೆ, ನಿಂತಿದ್ದ ಒಬ್ಬ ನಿವೃತ್ತ ಹೆಡ್‌ಮಾಸ್ಟರರ ಪ್ರಚಾರಕ್ಕೆ ಸೇರಿಕೊಂಡು ನನ್ನನ್ನೂ ಎಳೆದೊಯ್ದರು. ನನಗೆ ಓಟಿರಲಿಲ್ಲ, ಆದರೆ ಬಿಟ್ಟಿ ಕೆಲಸಕ್ಕೆ ಅಡ್ಡಿಯಿಲ್ಲವಂತೆ.

ಪ್ರಚಾರದ ಕಚೇರಿ, ಮುಚ್ಚಿಹೋದ ಚಪ್ಪಲಿ ಅಂಗಡಿಯೊಂದರಲ್ಲಿತ್ತು. ಪಾದದ ಅಳತೆ ತೆಗೆಯುವ ಗಿಡ್ಡ ಸ್ಟೂಲುಗಳು, ಮೂರು ಕಡೆ ಮೊಣಕಾಲೆತ್ತರದ ಕನ್ನಡಿ. ಎಲ್ಲಿ ಕೂತರೂ ಯಾರದೋ ಮೊಣಕಾಲು ನಿಮ್ಮನ್ನೇ ನೋಡುತ್ತಿತ್ತು. ಮ್ಯಾನೇಜರ್ ಟಾಡ್ ಎಂಬ ಉತ್ಸಾಹಿ ಹುಡುಗ ಗೋಡೆಯ ನಕ್ಷೆಯ ಮೇಲೆ ಸ್ಪ್ಯಾನಿಷ್ ಮಾತಾಡುವವರ ಮನೆಗಳಿಗೆಲ್ಲ ಒಂದೇ ಕಂದು ಬಣ್ಣ ಬಳಿದಿದ್ದ. ಆ ಬಣ್ಣದ ಮನೆಗಳಿಗೆಲ್ಲ ಒಂದೇ ಕರಪತ್ರ, ವಿಷಯ ವಲಸೆ ಕಾನೂನು. ಅದನ್ನು ಹಂಚಲು ಬಂದಿದ್ದ ನೆಲ್ಲಿ ಓದಿ ಮಡಚಿ ಅವನ ಜೇಬಿಗೇ ಇಟ್ಟಳು. ನೆಲ್ಲಿ ಪೋರ್ಟೊ ರಿಕೊ ದ್ವೀಪದವಳು, ಶಾಲಾ ಬಸ್ಸಿನ ಡ್ರೈವರು, ಮಾತು ಶುರು ಮಾಡಿದರೆ ಹಾರ್ನೇ ಬೇಡ.

“ನಮ್ಮಜ್ಜಿ ಕಾಲದಿಂದ ನಾವು ಈ ದೇಶದ ಸಿಟಿಜನ್ಸ್,” ಅಂದಳು. “ನನಗ್ಯಾಕಪ್ಪ ವಲಸೆ ಪಾಠ? ನಿಮ್ಮಜ್ಜ ಈ ದೇಶಕ್ಕೆ ಬಂದಿದ್ದು ನಮ್ಮಜ್ಜಿ ಸಿಟಿಜನ್ ಆದಮೇಲೆ ಇರಬೇಕು, ನೀನೇ ಓದ್ಕೋ.”

ಪಾಟೀಲ ಅಂಕಲ್ ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮನ್ನೆಲ್ಲ ಉತ್ತರ ಭಾರತದವರು ಮದರಾಸಿ ಅಂತ ಒಂದೇ ಚೀಲಕ್ಕೆ ತುಂಬುವುದನ್ನು ಅವಳಿಗೆ ವಿವರಿಸಿ, ಅವತ್ತಿನಿಂದ ಅವಳನ್ನು ನೆಲ್ಲಕ್ಕ ಎಂದು ಕರೆದರು. ಅದೇ ತನ್ನ ಇಂಡಿಯನ್ ಹೆಸರು ಎಂದು ಅವಳೂ ಒಪ್ಪಿಕೊಂಡಳು.

ನೆಲ್ಲಿಯೂ ನಾನೂ ಮನೆಮನೆ ತಿರುಗತೊಡಗಿದೆವು. ಅಕ್ಟೋಬರಿನಲ್ಲಿ ಇಲ್ಲಿನ ಬೀದಿಗಳಿಗೆ ಹುಚ್ಚು ಹಿಡಿಯುತ್ತದೆ. ದೆವ್ವದ ಹಬ್ಬಕ್ಕೆಂದು ಹುಲ್ಲಿನ ಅಂಗಳಗಳಲ್ಲಿ ಥರ್ಮೊಕೋಲಿನ ಗೋರಿಕಲ್ಲು ನೆಡುತ್ತಾರೆ. ಚುನಾವಣೆಯ ವರ್ಷವಾದ್ದರಿಂದ ಪಕ್ಕದಲ್ಲೇ ಅಭ್ಯರ್ಥಿಗಳ ಫಲಕ. ಒಂದು ಕಡೆ ‘ಇಲ್ಲಿ ಮಲಗಿದ್ದಾನೆ ಇಂಥವನು’, ಇನ್ನೊಂದು ಕಡೆ ‘ಇಂಥವನಿಗೇ ನಿಮ್ಮ ಮತ’. ಗಾಳಿ ಬೀಸಿದರೆ ಎರಡೂ ಒಟ್ಟಿಗೆ ಅಲುಗುತ್ತಿದ್ದವು. ಮೊದಮೊದಲು ನಗು ಬರುತ್ತಿತ್ತು. ಎಲೆಗಳು ಕೆಂಪಗಾಗಿ ಉದುರಿ, ಬೆಳಕು ಬೇಗ ಬೇಗ ಸೋರಿಹೋಗತೊಡಗಿದ ಮೇಲೆ, ಗೋರಿಗಳ ನಡುವೆ ನಿಂತು ಬೆಲ್ ಒತ್ತುವಾಗ ಬಾಗಿಲು ತೆರೆಯದೇ ಇದ್ದರೇ ಒಳ್ಳೆಯದು ಅನ್ನಿಸುತ್ತಿತ್ತು.

ಓಕ್ ಹಾಲೋದಲ್ಲಿ ಮಾತ್ರ ಯಾರೂ ಗೋರಿ ನೆಟ್ಟಿರಲಿಲ್ಲ. ಮೂರು ಕಡೆ ಕಟ್ಟಡ, ನಡುವೆ ಡಾಂಬರು ಹಾಕಿದ ಪಾರ್ಕಿಂಗು. ಅಲ್ಲಿರುವವರಲ್ಲಿ ಬಹಳ ಮಂದಿ ಎಲ್ ಸಾಲ್ವಡಾರ್‌ನಿಂದ, ಅಲ್ಲಿನ ಯುದ್ಧದಿಂದ ಬಂದವರು. ಸಂಜೆ ಮುಂದೆ ಒಳಹೊಕ್ಕರೆ ಎಲ್ಲ ಕಿಟಕಿಗಳಿಂದ ಒಂದೇ ಸದ್ದು: ಹಸಿ ಹಿಟ್ಟನ್ನು ಎರಡು ಅಂಗೈಗಳ ನಡುವೆ ತಟ್ಟುವ ಸದ್ದು. ಹುಬ್ಬಳ್ಳಿಯಲ್ಲಿ ರೊಟ್ಟಿ ಬಡಿಯುವ ಓಣಿಯೊಂದನ್ನು ಯಾರೋ ಎತ್ತಿ ತಂದು ಇಲ್ಲಿ ಮೂರು ಮಹಡಿಯಾಗಿ ಪೇರಿಸಿಟ್ಟಂತೆ.

ಆ ಕಟ್ಟಡದ ಯಜಮಾನಿಕೆ, ಯಾರೂ ಕೊಡದೆಯೇ, ನೆಲಮಹಡಿಯ ಬೆರ್ತಾ ಎಂಬಾಕೆಯ ಕೈಲಿತ್ತು. ಸರಕಾರಿ ಕಚೇರಿಗಳ ನೆಲ ಒರೆಸುವ ಕೆಲಸ. ಅರವತ್ತು ದಾಟಿದ್ದ ಆಕೆಯನ್ನು ಎಲ್ಲರೂ ನೀನ್ಯ ಬೆರ್ತಾ ಅನ್ನುತ್ತಿದ್ದರು. ನೀನ್ಯ ಅಂದರೆ ಹುಡುಗಿ, ಆದರೆ ಅವರ ದೇಶದಲ್ಲಿ ಹಿರಿಯ ಹೆಂಗಸಿಗೆ ಅದೇ ಗೌರವವಂತೆ. ನಾವು ಚಿಕ್ಕ ಹುಡುಗಿಯನ್ನು ಅವ್ವಾ ಅನ್ನುವುದಿಲ್ಲವೆ, ಅದರ ತಿರುವು. ನನಗೆ ಆಕೆ ಇಟ್ಟ ಹೆಸರು ಗಿಣಿ. ಆಕೆಯ ಮಾತು ನನ್ನ ಕಿವಿಗೆ ನಮ್ಮಜ್ಜಿಯ ಕನ್ನಡವಾಗಿಯೇ ಇಳಿಯುತ್ತಿತ್ತು. ಬೇರೆ ಕನ್ನಡದಲ್ಲಿ ಅದನ್ನು ಬರೆಯಲು ನನ್ನಿಂದಾಗದು.

ನೀನ್ಯ ಬೆರ್ತಾಗೂ ಆ ವರ್ಷವೇ ಪೌರತ್ವ ಸಿಕ್ಕಿತ್ತು. ಜೀವಮಾನದ ಮೊದಲ ಓಟು. ಕಟ್ಟಡದಲ್ಲಿ ಓಟಿದ್ದ ಉಳಿದ ಹೆಂಗಸರು ಆಕೆಯನ್ನೇ ನೋಡುತ್ತಿದ್ದರು. ಆಕೆ ಹೋದರೆ ಹೋಗುವುದು, ಇಲ್ಲದಿದ್ದರೆ ಇಲ್ಲ. ಆಕೆಗೆ ಆಸೆಯೂ ಇತ್ತು. ಬಸ್‌ಸ್ಟಾಪು ಹೆದ್ದಾರಿಯ ಆಚೆ, ದಾಟಲು ಸಿಗ್ನಲ್ ಇಲ್ಲ, ಕೆಲಸಕ್ಕೆ ಹೋಗುವಾಗ ದಿನವೂ ಕಾರುಗಳ ನಡುವೆ ಓಡಬೇಕು. ಅದನ್ನು ಯಾರಿಗಾದರೂ ಹೇಳಬೇಕಿತ್ತು. ಆದರೆ ಒಂದು ವಿಷಯ ಮಾತ್ರ ಮತ್ತೆ ಮತ್ತೆ ಕೇಳಿದರು.

“ಅಲ್ಲಿ ಹೋಗಿ ಹೆಸರು ಗಟ್ಟಿಯಾಗಿ ಹೇಳಬೇಕಂತ, ಖರೇನ? ಎಲ್ಲಾರ ಮುಂದ?”

ಹೌದು, ಹೆಸರು ಮತ್ತು ವಿಳಾಸ, ಎಂದಳು ನೆಲ್ಲಿ. ನೀನ್ಯ ಬೆರ್ತಾ ಹಿಟ್ಟು ತಟ್ಟುವುದನ್ನು ನಿಲ್ಲಿಸಿ ಅಂಗೈಗೆ ಅಂಟಿದ್ದನ್ನು ಉಜ್ಜಿ ಉಜ್ಜಿ ತೆಗೆದರು. ಆಮೇಲೆ ಬರುತ್ತೇನೆ ಎಂದು ಮಾತು ಕೊಟ್ಟರು.

ಇತ್ತ ಪಾಟೀಲ ಅಂಕಲ್‌ಗೆ ಈ ಪ್ರಚಾರ ಸಪ್ಪೆ ಅನ್ನಿಸುತ್ತಿತ್ತು. ಒಂದು ದಿನ ಕಚೇರಿಯ ಕನ್ನಡಿಯಲ್ಲಿ ತಮ್ಮ ಮೊಣಕಾಲನ್ನೇ ನೋಡುತ್ತ ನನಗೆ ಹೇಳಿದರು:

“ಏ ತಮ್ಮಾ, ಇವರಿಗೆ ಇಲೆಕ್ಷನ್ ಮಾಡಾಕ ಬರಂಗಿಲ್ಲೋ. ಒಂದು ಮೈಕಿಲ್ಲ, ಒಂದು ಹಾಡಿಲ್ಲ. ಊರಿಗೂರ ಸತ್ತವರ ಮನಿ ಇದ್ದಂಗ ಐತಿ.”

ಗದಗಿನಲ್ಲಿ ಆಟೋಗೆ ಎರಡು ಹಾರ್ನ್ ಸ್ಪೀಕರ್ ಕಟ್ಟಿ ವಾರ್ಡು ಸುತ್ತಿದ್ದನ್ನು ವರ್ಣಿಸಿದರು. ನೆಲ್ಲಿ ಕುರ್ಚಿಯಿಂದ ಎದ್ದೇಬಿಟ್ಟಳು. ಅವಳ ದ್ವೀಪದಲ್ಲೂ ಚುನಾವಣೆ ಅಂದರೆ ಅದೇ: ಲಾರಿಗೆ ಧ್ವನಿವರ್ಧಕ, ಹಾಡು, ಹಿಂದೆ ಮೆರವಣಿಗೆ, ಪಾತ್ರೆ ಬಡಿಯುವ ಜನ. ನಮ್ಮ ಜನಕ್ಕೆ ಬೇಕಾದ್ದು ಇದೇ, ಎಂದು ಟಾಡ್‌ನ ಭುಜ ಅಲ್ಲಾಡಿಸಿದಳು. ನಮ್ಮ ಜನ ಎಂದರೆ ಯಾರು ಎಂದು ಯಾರೂ ಕೇಳಲಿಲ್ಲ. ಗದಗೂ ಪೋರ್ಟೊ ರಿಕೊವೂ ಕೈಕುಲುಕಿದವು. ಟಾಡ್ ಕೌಂಟಿಯಿಂದ ಪರವಾನಗಿ ತಂದ.

ದನಿ ನನ್ನದು, ಅದರಲ್ಲಿ ಚರ್ಚೆಯೇ ಇರಲಿಲ್ಲ. ಮಾತನ್ನು ಅಂಕಲ್ ಕೊಟ್ಟರು, ಗದಗಿನ ಆಟೋದಿಂದ ನೇರವಾಗಿ: ಮತದಾರ ಬಾಂಧವರೇ, ನಿಮ್ಮ ಮನೆ ಬಾಗಿಲಿಗೇ ಬಂದಿದ್ದೇವೆ, ಎಲ್ಲರೂ ಹೊರಗೆ ಬನ್ನಿ, ನಿಮ್ಮ ಅಮೂಲ್ಯವಾದ ಮತವನ್ನು ಕೊಡಿ. ನಮ್ಮ ಕಡೆ ಇದಕ್ಕಿಂತ ವಿನಯದ ಮಾತಿಲ್ಲ. ದೊಡ್ಡವನು ಸಣ್ಣವನ ಹೊಸ್ತಿಲಿಗೆ ಬಂದು ಕೈಮುಗಿಯುವುದೇ ಚುನಾವಣೆಯ ಅಂದ. ನೆಲ್ಲಿ ಅದನ್ನು ಸ್ಪ್ಯಾನಿಷಿಗೆ ತಂದಳು. ಯಾವ ದನಿಯಲ್ಲಿ ಹೇಳುವುದು ಎಂದು ನಾನು ಬೇಸ್‌ಮೆಂಟಿನಲ್ಲಿ ದಿನಗಟ್ಟಲೆ ತಾಲೀಮು ಮಾಡಿದೆ. ಕೊನೆಗೆ ಆರಿಸಿದ್ದು ಗಂಭೀರವಾದ, ತಗ್ಗಿನ, ಅವಸರವಿಲ್ಲದ ಒಂದು ದನಿ. ಸರಕಾರವೇ ಮಾತಾಡಿದ ಹಾಗಿರಬೇಕು ಎಂಬುದು ನನ್ನ ಕಲಾತ್ಮಕ ನಿಲುವು.

ಮೊದಲ ಭಾನುವಾರ ನೆಲ್ಲಿಯ ಚರ್ಚಿನ ಓಣಿಗೆ ಹೋದೆವು. ಭಾವನ ಹಳೇ ವ್ಯಾನಿನ ಮೇಲೆ ಎರಡು ಹಾರ್ನು, ಒಳಗೆ ಹಾಡು. ಮಕ್ಕಳು ಹಿಂದೆ ಓಡಿದರು, ಹೆಂಗಸರು ಬಾಲ್ಕನಿಯಿಂದ ಸೌಟಿನಲ್ಲಿ ಕಂಬಿ ಬಡಿದರು, ಒಬ್ಬ ತಾತ ವ್ಯಾನಿನ ಮುಂದೆಯೇ ಕುಣಿದ. ನೆಲ್ಲಿ ವ್ಯಾನು ನಡೆಸುತ್ತಿದ್ದರೆ ಪಾಟೀಲ ಅಂಕಲ್ ಕಿಟಕಿಯಿಂದ ಅರ್ಧ ದೇಹ ಹೊರಗೆ ಹಾಕಿ ಕೈಮುಗಿಯುತ್ತಲೇ ಇದ್ದರು. ಗದಗಿನಲ್ಲಿ ಗೆಲ್ಲಬೇಕಾಗಿದ್ದ ಚುನಾವಣೆಯನ್ನು ಅವರು ಅವತ್ತು ಗೆದ್ದರು.

ಮುಂದಿನ ಶುಕ್ರವಾರ ಸಂಜೆ ಓಕ್ ಹಾಲೋ.

ಒಳಗೆ ತಿರುಗುವಾಗ ಎಲ್ಲವೂ ಎಂದಿನಂತಿತ್ತು. ಹುಡುಗರು ಚೆಂಡು ಒದೆಯುತ್ತಿದ್ದರು. ಕಿಟಕಿಗಳಿಂದ ತಟ್ಟುವ ಸದ್ದು, ಮೇಲೆಲ್ಲೋ ಟಿವಿ, ಯಾರೋ ಕೆಮ್ಮಿದ್ದು. ಅಂಕಲ್ ವ್ಯಾನನ್ನು ಪಾರ್ಕಿಂಗಿನ ನಡುಮಧ್ಯೆ ನಿಲ್ಲಿಸಿದರು. ಮೊದಲು ಹಾಡು ಹಾಕಿದೆವು. ಆಗಲೇ ಏನೋ ತಪ್ಪಿತ್ತು, ಆದರೆ ನಾನು ಗಂಟಲು ಸರಿ ಮಾಡಿಕೊಳ್ಳುವುದರಲ್ಲಿದ್ದೆ. ಹಾಡು ನಿಲ್ಲಿಸಿ ಮೈಕು ಹಿಡಿದು ಹೇಳಿದೆ: ನಿಮ್ಮ ಮನೆ ಬಾಗಿಲಿಗೇ ಬಂದಿದ್ದೇವೆ. ಎಲ್ಲರೂ ಹೊರಗೆ ಬನ್ನಿ.

ಮೂರು ಗೋಡೆಗಳಿಗೂ ತಾಗಿ ಆ ಮಾತು ಹಿಂದಿರುಗಿತು. ನಾನು ಮುಗಿಸಿದ ಮೇಲೂ ಅದು ಮಾತಾಡುತ್ತಿತ್ತು. ಆ ದನಿ ನನ್ನದಾಗಿರಲಿಲ್ಲ. ನನಗಿಂತ ದೊಡ್ಡವನು, ನನಗಿಂತ ತಾಳ್ಮೆಯವನು ಯಾರೋ ಎದುರುಗಡೆಯ ಕಟ್ಟಡದಿಂದ ಅದನ್ನೇ ಮತ್ತೆ ಹೇಳಿದ ಹಾಗಿತ್ತು. ಬೆನ್ನಲ್ಲೇ ತಟ್ಟುವ ಸದ್ದು ನಿಂತಿತು. ಒಂದೊಂದಾಗಿ ನಿಲ್ಲಲಿಲ್ಲ, ಒಂದೇ ಕೈ ಎಲ್ಲ ಕೈಗಳನ್ನೂ ಹಿಡಿದಂತೆ ನಿಂತಿತು. ಕಿಟಕಿಗಳು ಸದ್ದಿಲ್ಲದೆ ಇಳಿದು ಮುಚ್ಚಿಕೊಂಡವು. ಟಿವಿ ಆರಿತು. ಚೆಂಡು ಉರುಳುತ್ತ ಬಂದು ವ್ಯಾನಿನ ಚಕ್ರಕ್ಕೆ ತಾಗಿ ನಿಂತಿತು, ಅದರ ಹಿಂದೆ ಯಾವ ಹುಡುಗನೂ ಬರಲಿಲ್ಲ. ಮೆಟ್ಟಿಲ ಮೇಲೆ ಒಂದು ಚಪ್ಪಲಿ ಮಗುಚಿ ಬಿದ್ದಿತ್ತು.

ಒಬ್ಬ ಮುದುಕ ಮಾತ್ರ ಓಡಲಿಲ್ಲ. ಕಸದ ಚೀಲ ಹಿಡಿದು ಪಾರ್ಕಿಂಗಿಗೆ ಬಂದಿದ್ದವನು, ಚೀಲವನ್ನು ನಿಧಾನವಾಗಿ ನೆಲದ ಮೇಲಿಟ್ಟು, ಎರಡೂ ಅಂಗೈ ನಮಗೆ ಕಾಣುವಂತೆ ಮುಂದೆ ಚಾಚಿ, ತಲೆ ತಗ್ಗಿಸಿ ನಿಂತ. ನಮ್ಮತ್ತ ನೋಡಲಿಲ್ಲ. ಏನನ್ನೋ ಕಾಯುತ್ತಿದ್ದ. ಏನು ಮಾಡಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ.

“ಜನ ನಾಚ್ತಾರೋ,” ಅಂದರು ಪಾಟೀಲ ಅಂಕಲ್, ಕೈಮುಗಿದುಕೊಂಡೇ. “ಇನ್ನೊಂದ್ಸಲ ಹೇಳು.”

ನೆಲ್ಲಿ ನನ್ನ ಕೈಯಿಂದ ಮೈಕು ಕಿತ್ತುಕೊಂಡಳು. ಅಷ್ಟರಲ್ಲಿ ವಾಸನೆ ಶುರುವಾಯಿತು. ಹೆಂಗಸರು ಹಂಚನ್ನು ಹಾಗೇ ಬಿಟ್ಟು ಒಳಗೆಲ್ಲೋ ಅಡಗಿದ್ದರು; ಕಟ್ಟಡದ ಎಲ್ಲ ಒಲೆಗಳ ಮೇಲೂ ರೊಟ್ಟಿಗಳು ಕರಕಾಗುತ್ತಿದ್ದವು. ಮುಚ್ಚಿದ ಕಿಟಕಿಗಳ ಸಂದಿನಿಂದ ತೆಳ್ಳಗೆ ಹೊಗೆ ಬರುತ್ತಿತ್ತು. ಆದರೂ ಒಬ್ಬರೂ ಒಲೆ ಆರಿಸಲು ಏಳಲಿಲ್ಲ. ಅಂಕಲ್ ಆಗ ಕೈ ಇಳಿಸಿದರು. ನಾವು ಹೊರಟುಹೋದೆವು. ತಿರುವಿನಲ್ಲಿ ಹಿಂದಿರುಗಿ ನೋಡಿದಾಗ ಮುದುಕ ಇನ್ನೂ ಅಂಗೈ ಚಾಚಿಯೇ ನಿಂತಿದ್ದ.

ಮರುದಿನ ನೆಲ್ಲಿಯೊಡನೆ ಹೋದೆ. ಒಂದು ಬಾಗಿಲೂ ತೆರೆಯಲಿಲ್ಲ. ಒಳಗೆ ಉಸಿರಿದೆ ಎಂದು ಗೊತ್ತಾಗುತ್ತಿತ್ತು, ಬಾಗಿಲಿನ ಪುಟ್ಟ ಗಾಜಿನ ಕಣ್ಣು ನಾವು ಎದುರು ನಿಂತಾಗ ಕಪ್ಪಗಾಗುತ್ತಿತ್ತು. ಸೋಮವಾರ ನಾನೊಬ್ಬನೇ ಹೋದೆ. ಕಟ್ಟಡ ಜೀವಂತವಿತ್ತು, ಆದರೆ ನಾನು ಮೆಟ್ಟಿಲು ಹತ್ತಿದರೆ ನನ್ನ ಮುಂದಿನ ಮಹಡಿ ಮಾತು ನಿಲ್ಲಿಸುತ್ತಿತ್ತು, ಇಳಿದರೆ ಹಿಂದಿನ ಮಹಡಿ ಪಿಸುಗುಟ್ಟುತ್ತಿತ್ತು. ನೀನ್ಯ ಬೆರ್ತಾ ಬಾಗಿಲು ತಟ್ಟಿದೆ. ಕ್ಯಾಂಟೀನಿನ ಎಲ್ ಸಾಲ್ವಡಾರ್‌ನವನ ಸ್ಪ್ಯಾನಿಷಿನಲ್ಲಿ ಒಂದು ತಮಾಷೆ ಮಾಡಿದೆ. ಮೆಕ್ಸಿಕೋದವನಾಗಿ ಮಾತಾಡಿದೆ. ಕೊನೆಗೆ ಬಾಗಿಲಿಗೆ ತೀರಾ ಹತ್ತಿರದಿಂದ ಆಕೆಯ ದನಿ ಬಂತು.

“ಗಿಣಿ, ನೀ ಅದೀ ಅಂತ ಗೊತ್ತೈತಿ. ಅವನ ದನಿ ಬ್ಯಾಡ, ಇವನ ದನಿ ಬ್ಯಾಡ. ನಿಮ್ಮವ್ವನ ಕೂಡ ಹೆಂಗ ಮಾತಾಡ್ತೀ, ಹಂಗ ಮಾತಾಡು.”

ಯಾರ ದನಿಯೂ ಒದಗಲಿಲ್ಲ. ಸುತ್ತ ಮುಚ್ಚಿದ ಬಾಗಿಲುಗಳು, ಎಲ್ಲದರ ಹಿಂದೆಯೂ ಕಿವಿಗಳು. ಆ ಮಬ್ಬು ಹಾದಿಯಲ್ಲಿ ನಿಂತು, ಎಲ್ಲೋ ಕಾಲು ಜಾರಿದಂಥ ಒಂದು ಸಣ್ಣ ದನಿಯಲ್ಲಿ, ಹುಬ್ಬಳ್ಳಿ ಕನ್ನಡದಲ್ಲಿ ಹೇಳಿದೆ: “ಅವ್ವಾ, ನಾನ ಬಂದೀನಿ. ಒಬ್ಬನ ಅದೀನಿ. ಅಂಜಬ್ಯಾಡ್ರಿ.”

ಒಂದಕ್ಷರವೂ ಆಕೆಗೆ ತಿಳಿಯುವ ಭಾಷೆಯಲ್ಲ. ಚಿಲಕದ ಸರಪಳಿ ತೆಗೆದ ಸದ್ದಾಯಿತು.

ಅಡಿಗೆಮನೆಯಲ್ಲಿ ಸುಟ್ಟ ಹಂಚು ಇನ್ನೂ ನೀರಿನಲ್ಲಿ ನೆನೆಯುತ್ತಿತ್ತು. ಆಕೆ ಕುರ್ಚಿ ತೋರಿಸಿದರು, ತಾವು ಬಾಗಿಲು ಕಾಣುವಂತೆ ಕೂತರು. ಹವಾಮಾನದ ಬಗ್ಗೆ ಹೇಳುವಂತೆ ಹೇಳಿದರು.

“ಯುದ್ಧದಾಗ ನಮ್ಮೂರಿಗೆ ಬಂದ ಮಿಲಿಟ್ರಿ ಗಾಡೀನೂ ಮೊದಲ ಹಾಡು ಹಚ್ಚಿತ್ತು. ಆಮ್ಯಾಲೆ ದನಿ ಬಂತು. ಮನಿ ಬಾಗಲಿಗೆ ಬಂದೀವಿ, ಎಲ್ಲಾರೂ ಹೊರಗ ಬರ್ರಿ, ಅಂಜಬ್ಯಾಡ್ರಿ, ಹೆಸರು ಬರಕೊಂಡು ಬಿಡ್ತೀವಿ ಅಂತ. ನನ್ನ ಗಂಡ ಹೊರಗ ಹೋದ. ನಾ ಬ್ಯಾಡ ಅಂದೆ. ಇಷ್ಟು ಮರ್ಯಾದಿಯಿಂದ ಮಾತಾಡೋರು ಏನ್ ಮಾಡ್ತಾರ ಅಂದ. ಹೆಸರು ಗಟ್ಟಿಯಾಗಿ ಹೇಳಿದ. ನಾ ಒಳಗಿಂದ ಕೇಳಿದೆ.” ಹಂಚನ್ನು ಉಗುರಿನಿಂದ ಕೆರೆದರು. “ಭಾಳ ಚಲೋ ದನಿ ಇತ್ತು ಅದು, ಗಿಣಿ. ನಿನ್ನ ದನಿ ಇದ್ದಂಗನ.”

ಎಲ್ಲರ ದನಿಯನ್ನೂ ಕೇಳಿ ಕಲಿತವನು ನಾನು, ಈ ದನಿಯನ್ನು ಕೇಳಿರಲೇ ಇಲ್ಲ. ಕೇಳದೆಯೇ ಅದು ನನ್ನ ಗಂಟಲಲ್ಲಿ ಹೇಗೆ ಬಂತು ಎಂದು ಯೋಚಿಸಿದರೆ ಈಗಲೂ ನೀರು ಕುಡಿಯಬೇಕೆನಿಸುತ್ತದೆ.

ಆಕೆ ಓಟಿಗೆ ಬರುವುದಿಲ್ಲ ಎಂದರು. ಹೆಂಗಸರಿಗೂ ಹೇಳಿಯಾಗಿತ್ತು. ನಾನು ಎದ್ದು ಹೊರಡುವಾಗ, ಆ ಹೆಡ್‌ಮಾಸ್ಟರು ಯಾರು, ಹೇಗಿದ್ದಾರೆ ಎಂದು ಕೇಳಿದರು. ನಾನು ಅಭ್ಯಾಸಬಲದಿಂದ ಅವರ ದನಿ ತೆಗೆಯಲು ಹೋಗಿ ನಿಲ್ಲಿಸಿದೆ. ಒಳ್ಳೆಯವರು, ಮಾತು ಜಾಸ್ತಿ, ಎಂದಷ್ಟೇ ಅಂದೆ.

“ಬಂದು ಕುಂದರ್ಲಿ,” ಅಂದರು. “ಮಾತಾಡಾಕಲ್ಲ. ಕುಂದ್ರಾಕ.”

ಈ ಮಾತನ್ನು ಕಚೇರಿಗೆ ಒಯ್ದೆ. ಟಾಡ್ ಒಂದು ಸಭೆ ಏರ್ಪಡಿಸೋಣ, ಫೋಟೊದವನನ್ನು ಕರೆಯೋಣ ಎಂದು ಶುರು ಮಾಡಿದ. ನೆಲ್ಲಿ ಅವತ್ತು ಅವನನ್ನು ರೇಗಿಸಲಿಲ್ಲ. ನನಗೂ ಗೊತ್ತಿರಲಿಲ್ಲ ಟಾಡ್, ಎಂದಳು. ಅದೇ ಭಾಷೆ, ಅದೇ ಪ್ರಾರ್ಥನೆ, ನನ್ನವರೇ ಅಂದುಕೊಂಡಿದ್ದೆ. ಕುರುಡು ನನ್ನದೂ ಹೌದು. ಪಾಟೀಲ ಅಂಕಲ್ ಹೊರಗೆ ಹೋಗಿ ವ್ಯಾನಿನ ಮೇಲಿನ ಹಾರ್ನುಗಳನ್ನು ತಾವೇ ಬಿಚ್ಚಿದರು. ಒಂದು ಬೋಲ್ಟು ಬಿಗಿದುಕೊಂಡಿತ್ತು. ಬಹಳ ಹೊತ್ತು ಅದರ ಜೊತೆ ಗುದ್ದಾಡಿದರು, ಸಹಾಯ ಕೇಳಲಿಲ್ಲ.

ಹೆಡ್‌ಮಾಸ್ಟರು ಬಂದರು. ಆರೂವರೆ ಅಡಿ ಎತ್ತರದ ಮನುಷ್ಯ ಆ ಅಡಿಗೆಮನೆಯ ಸಣ್ಣ ಸ್ಟೂಲಿನ ಮೇಲೆ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತರು. ಬಾಯಿ ತೆರೆದಾಗಲೆಲ್ಲ ನೆಲ್ಲಿ ಅವರ ತೋಳು ಮುಟ್ಟುತ್ತಿದ್ದಳು. ಅವರು ಮುಚ್ಚುತ್ತಿದ್ದರು. ಪಾಟೀಲ ಅಂಕಲ್ ಬಾಗಿಲಲ್ಲೇ ನಿಂತು, ತಮ್ಮ ಮುರುಕು ಸ್ಪ್ಯಾನಿಷಿನಲ್ಲಿ, ಆ ದಿನದ ಮಾತು ನಂದು, ನಮ್ಮೂರಲ್ಲಿ ಅದು ಬೇರೆ ಥರ, ಎಂದು ಹೇಳಿ, ಸಿಂಕಿನ ಕೆಳಗೆ ನೀರು ತೊಟ್ಟಿಕ್ಕುವುದನ್ನು ಕಂಡು ಕೋಟು ಬಿಚ್ಚಿ ನೆಲದ ಮೇಲೆ ಮಲಗಿಬಿಟ್ಟರು. ಮೊದಲು ಎದುರುಮನೆಯ ಹೆಂಗಸು ಇಣುಕಿದಳು. ಆಮೇಲೆ ಇನ್ನೊಬ್ಬಳು. ಯಾರೂ ಸಿಗ್ನಲ್ಲಿನ ಬಗ್ಗೆ ಕೇಳದಿದ್ದರೂ ಅವರೇ ಹೇಳಿದರು. ಒಬ್ಬಾಕೆ, ನಾನು ಹೊಂಡುರಾಸಿನವಳು, ನನಗೆ ಯುದ್ಧದ ಕಥೆ ಇಲ್ಲ, ನನಗೆ ಬೇಕಾದ್ದು ಶಾಲೆಯಲ್ಲಿ ಮಗನ ಮಾತು ಅರ್ಥವಾಗುವ ಒಬ್ಬ ಟೀಚರು ಎಂದಳು. ಟಾಡ್ ಮೂಲೆಯಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದ. ಆ ಕಂದು ಬಣ್ಣದೊಳಗೆ ಇಷ್ಟೊಂದು ಜನ ಇದ್ದಾರೆ ಎಂದು ಅವನಿಗೆ ಅವತ್ತೇ ಗೊತ್ತಾದದ್ದು.

ನಾವು ಹೊರಡುವಾಗ ನೀನ್ಯ ಬೆರ್ತಾ ಓಟಿಗೆ ಬರುತ್ತೇನೆ ಎನ್ನಲಿಲ್ಲ. ಗಾಡಿ ಕಳಿಸಬೇಡಿ, ಎಂದಷ್ಟೇ ಅಂದರು.

ಚುನಾವಣೆಯ ಹಿಂದಿನ ದಿನ ಅವರಲ್ಲಿ ಸತ್ತವರ ದಿನ. ಗೋರಿಗಳಿಗೆ ಹೂವಿಡುತ್ತಾರೆ. ಆಕೆಯ ಗಂಡನಿಗೆ ಗೋರಿ ಇರಲಿಲ್ಲ. ಅವತ್ತು ಸಂಜೆ ನಾನು ಆ ದಾರಿಯಲ್ಲಿ ಹೋದಾಗ, ಮೆಟ್ಟಿಲ ಕಂಬಿಗೆ ಕಾಗದದ ನೀಲಿ ಹೂಗಳ ಮಾಲೆ ಕಟ್ಟಿತ್ತು. ಒಂದು ಕಂಬಿಗಲ್ಲ, ಮೂರು ಮಹಡಿಯ ಬಹುತೇಕ ಕಂಬಿಗಳಿಗೂ. ಅಷ್ಟು ಮನೆಗಳಲ್ಲಿ ಅಷ್ಟು ಗೋರಿಯಿಲ್ಲದವರಿದ್ದರು. ಗಾಳಿಗೆ ಕಾಗದ ಸರಸರ ಅನ್ನುತ್ತಿತ್ತು. ಆ ಹೊತ್ತಿನಲ್ಲಿ ಬೀದಿಯುದ್ದಕ್ಕೂ ಇದ್ದ ಥರ್ಮೊಕೋಲಿನ ಕಲ್ಲುಗಳನ್ನು ಜನ ಕಿತ್ತು ಕಸದ ಡಬ್ಬಿಗೆ ತುಂಬುತ್ತಿದ್ದರು.

ಮತದಾನದ ಶಾಲೆಯಿಂದ ಪಕ್ಷದವರು ಇಷ್ಟು ದೂರ ನಿಲ್ಲಬೇಕೆಂದು ನೆಲದ ಮೇಲೆ ಗೆರೆ ಎಳೆದಿದ್ದರು. ಬೆಳಗಿನಿಂದ ನಾನು, ನೆಲ್ಲಿ, ಅಂಕಲ್ ಆ ಗೆರೆಯ ಆಚೆ ನಿಂತಿದ್ದೆವು. ಮಧ್ಯಾಹ್ನ ಇಳಿಯಿತು. ಅಂಕಲ್ ಮೂರನೇ ಸಲ ಬರಂಗಿಲ್ಲ ಬಿಡೋ ತಮ್ಮಾ ಅಂದಾಗ, ಹೆದ್ದಾರಿಯ ಆಚೆ ಹೆಂಗಸರ ಒಂದು ಸಾಲು ಕಾಣಿಸಿತು. ಒಬ್ಬರ ಹಿಂದೊಬ್ಬರು, ಕಪ್ಪು ಕೋಟುಗಳು. ಕಾರುಗಳ ನಡುವೆ ಸಂದು ಸಿಕ್ಕಾಗ ಒಟ್ಟಿಗೆ ದಾಟಿದರು. ಮುಂದೆ ನೀನ್ಯ ಬೆರ್ತಾ. ನಮ್ಮನ್ನು ಹಾದುಹೋಗುವಾಗ ಯಾರೂ ತಲೆ ಎತ್ತಲಿಲ್ಲ. ಒಣಗಿದ ಎಲೆಗಳ ಮೇಲೆ ಅವರ ಹೆಜ್ಜೆಯದಷ್ಟೇ ಸದ್ದು. ಅವರ ಜೊತೆ, ಕಾಣದ ಇನ್ನೂ ಕೆಲವರು ನಡೆದುಹೋದರು ಎಂದು ನನಗನ್ನಿಸಿತು. ನಾನು ಹಾಗೆಲ್ಲ ಅನ್ನಿಸಿಕೊಳ್ಳುವವನಲ್ಲ, ಆದರೆ ಅಂಕಲ್ ಕೂಡ ಆ ಹೊತ್ತಿಗೆ ಸರಿಯಾಗಿ ದಾರಿ ಬಿಟ್ಟು ನಿಂತರು.

ಒಬ್ಬೊಬ್ಬರಾಗಿ ಹೊರಗೆ ಬಂದರು. ನೀನ್ಯ ಬೆರ್ತಾ ಬರಲಿಲ್ಲ. ಹೆಂಗಸರು ಬಾಗಿಲನ್ನೇ ನೋಡುತ್ತ ನಿಂತರು, ಒಬ್ಬಳು ತುಟಿ ಅಲ್ಲಾಡಿಸುತ್ತಿದ್ದಳು. ಗೆರೆ ದಾಟುವಂತಿರಲಿಲ್ಲ. ಕೊನೆಗೆ ಆಕೆ ಕಾಣಿಸಿಕೊಂಡರು. ಕೋಟಿನ ಗುಂಡಿ ಹಾಕಿಕೊಳ್ಳುತ್ತ ನೇರವಾಗಿ ನಮ್ಮ ಕಡೆಗೇ ಬಂದರು.

“ಹೆಸರು ಕೇಳಿದ್ರು, ಹೇಳಿದೆ,” ಅಂದರು. “ಗಟ್ಟಿಯಾಗೇ ಹೇಳಿದೆ. ಆಮ್ಯಾಲೆ ಆ ಪರದೆ ಹಿಂದ ನಿಂತು ಕೇಳಿಸಿಕೊಂಡೆ, ಯಾರರ ಕರೀತಾರೇನಂತ. ಯಾರೂ ಕರೀಲಿಲ್ಲ. ಅಷ್ಟು ಶಾಂತ ಇತ್ತು. ಬಿಟ್ಟು ಬರಾಕ ಮನಸ ಆಗಲಿಲ್ಲ.”

ನೆಲ್ಲಿ ಮುಖ ತಿರುಗಿಸಿಕೊಂಡಳು. ಪಾಟೀಲ ಅಂಕಲ್‌ಗೆ ತಡೆಯಲಾಗಲಿಲ್ಲ. ನನ್ನ ಪಕ್ಕೆ ತಿವಿದು, ಯಾರಿಗೆ ಹಾಕಿದರು ಕೇಳೋ, ಎಂದು ಪಿಸುಗುಟ್ಟಿದರು. ನಾನು ಕೇಳಿದೆ. ಕೇಳಿದ್ದು ನನ್ನ ದನಿಯಲ್ಲೇ.

ಆಕೆ ನನ್ನ ಕೆನ್ನೆ ಹಿಂಡಿದರು. “ನಿನಗ ಹೆಂಗ ಹೇಳ್ಲಿ ಗಿಣಿ? ನಾಳೆ ನನ್ನ ದನಿಯೊಳಗ ಊರಿಗೆಲ್ಲಾ ಸಾರ್ತೀ.”

ಹೆಂಗಸರು ಆಗಲೇ ರಸ್ತೆಯ ಅಂಚಿಗೆ ಹೋಗಿ ಕಾಯುತ್ತಿದ್ದರು. ಆಕೆಯೂ ಹೋಗಿ ಸೇರಿಕೊಂಡರು. ಹೆಡ್‌ಮಾಸ್ಟರು ಗೆದ್ದರು. ಅದರಲ್ಲಿ ಆ ಒಂದು ಓಟು ಇತ್ತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.